ಸೋಯಾ ಅವರೆಗೆ ಹಾರ್ಮೋನ್ ಸಿಂಪಡಣೆ: ಯಾವುದು, ಯಾವಾಗ, ಎಷ್ಟು?

(ರೈತರ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಬರೆದವರ ಗುರುತಿನ ಹೆಸರು.)

ಅರಸೀಕೆರೆ ತೋಟ

ಕಣಕಟ್ಟೆ ಕಡೆಯ ಕೆಂಪು ಮಣ್ಣು. ತಳಿ ಜೆಎಸ್ 335, ಜೂನ್ ಕೊನೆಯ ಬಿತ್ತನೆ, ಪೈರಿಗೆ ಈಗ 34 ದಿನ. ಹೂ ಇನ್ನೂ ಕಂಡಿಲ್ಲ. ಒಂದು ಎಕರೆ ಬಯಲು, ಇನ್ನೊಂದು ಎಕರೆ ತೆಂಗಿನ ಸಾಲುಗಳ ನಡುವೆ. ಬಯಲಿನ ಗಿಡ ಮೊಣಕಾಲಿನಿಂದ ಕೆಳಗಿದೆ, ಗಟ್ಟಿಯಾಗಿದೆ. ತೆಂಗಿನೊಳಗಿನದು ತೊಡೆ ಮಟ್ಟ ಬಂದಿದೆ, ತೆಳ್ಳಗೆ ಎದ್ದು ವಾಲುತ್ತಿದೆ. ಹಿಂದಿನ ಬೆಳೆ ರಾಗಿ. ಈ ಹೊಲಕ್ಕೆ ಸೋಯಾ ಹೊಸದು.

ಗೊಬ್ಬರದ ಅಂಗಡಿಯಲ್ಲಿ ಮೂರು ಬಾಟಲಿ ತೋರಿಸುತ್ತಾರೆ. ಎನ್‌ಎಎ 4.5% (ಹೂ-ಪೀಚು ಉದುರದಂತೆ ಕೊಡುವ ಹಾರ್ಮೋನ್), ಸಿಸಿಸಿ 50% (ಗಿಡ ಗಿಡ್ಡ ಮಾಡುವ ಔಷಧಿ), ಮತ್ತೆ "ಹೂ-ಕಾಯಿ ಟಾನಿಕ್" ಅಂತ ಒಂದು. ಮೂರರಲ್ಲಿ ಯಾವುದು, ಯಾವ ದಿನಕ್ಕೆ, ಸಿಂಪಡಣೆ ಕ್ಯಾನಿಗೆ ಎಷ್ಟು? ನೀರು ಕೊಳವೆ ಬಾವಿಯದು, ಗಡಸು. ಸಿಗುವ ಕೈಪಿಡಿಗಳೆಲ್ಲ ಬೆಳಗಾವಿ, ಧಾರವಾಡ, ಬೀದರಿನ ಕಪ್ಪು ಮಣ್ಣಿಗೆ ಬರೆದವು.

ಗಿಡದ ಒಳಗೆ

ಮೊದಲು ಬೇರು ನೋಡಿ, ಬಾಟಲಿ ಆಮೇಲೆ. ಸೋಯಾ ಹೊಸದು ಅಂದಿರಿ. ಗಾಳಿಯ ಸಾರಜನಕ ಹಿಡಿದುಕೊಡುವ ಬೇರುಗಂಟನ್ನು ಸೋಯಾಕ್ಕೆ ಕಟ್ಟುವ ಬ್ರಾಡಿರೈಜೋಬಿಯಂ ಜಪಾನಿಕಂ ಅನ್ನುವ ಬ್ಯಾಕ್ಟೀರಿಯಾ ನಮ್ಮ ರಾಗಿ-ಹುರುಳಿ ಹೊಲದಲ್ಲಿ ತಾನಾಗಿ ಇರೋದಿಲ್ಲ, ಬೀಜಕ್ಕೆ ಹಚ್ಚಿಯೇ ಬಿತ್ತಬೇಕು. ಬಯಲಿನಲ್ಲಿ ಬೇರೆ ಬೇರೆ ಕಡೆಯಿಂದ ಐದು ಗಿಡ ಸನಿಕೆ ಹಾಕಿ ಮಣ್ಣುಸಮೇತ ಎತ್ತಿ, ಕೈಯಲ್ಲಿ ಕೀಳಬೇಡಿ, ಗಂಟು ಮಣ್ಣಲ್ಲೇ ಉಳಿದುಬಿಡುತ್ತವೆ. ನೀರಲ್ಲಿ ಅದ್ದಿ ತೊಳೆಯಿರಿ. ತಾಯಿಬೇರಿನ ಸುತ್ತ ಹತ್ತು-ಹದಿನೈದು ದಪ್ಪ ಗಂಟು ಇರಬೇಕು, ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಇರಬೇಕು. ಬಿಳಿ ಅಥವಾ ಹಸಿರು ಇದ್ದರೆ ಗಂಟು ಕೆಲಸ ಮಾಡುತ್ತಿಲ್ಲ. ಗಂಟೇ ಇಲ್ಲದಿದ್ದರೆ ನಿಮ್ಮ ಸಮಸ್ಯೆ ಸಾರಜನಕ. ಎಕರೆಗೆ 25ರಿಂದ 40 ಕೆ.ಜಿ. ಯೂರಿಯಾ ಎರಡು ಕಂತಲ್ಲಿ, ಮಣ್ಣು ಹಸಿ ಇದ್ದಾಗ ಸಾಲಿನ ಪಕ್ಕ ಕೊಟ್ಟರೆ ಆಗುವ ಉಪಕಾರವನ್ನು ಯಾವ ಹಾರ್ಮೋನೂ ಮಾಡೋದಿಲ್ಲ.

ಗಂಟು ಸರಿಯಿದೆ ಅಂದುಕೊಂಡು ಮುಂದೆ ಹೇಳುತ್ತೇನೆ. ನಿಮ್ಮ ಎರಡು ಎಕರೆ ಒಂದೇ ಬೆಳೆಯಾದರೂ ಬೇರೆ ಬೇರೆ ರೋಗಿಗಳು. ಬಯಲಿನ ಗಿಡದಲ್ಲಿ ಎತ್ತರದ ತೊಂದರೆ ಇಲ್ಲ, ಮುಂದೆ ಹೂ-ಪೀಚು ಉದುರಬಹುದು. ತೆಂಗಿನೊಳಗಿನ ಗಿಡಕ್ಕೆ ಬೆಳಕು ಕಡಿಮೆ. ನೆರಳಲ್ಲಿ ಆಕ್ಸಿನ್, ಜಿಬ್ಬರೆಲಿನ್ ಅನ್ನುವ ಬೆಳವಣಿಗೆ ಹಾರ್ಮೋನುಗಳೆರಡೂ ಏರಿ ಗೆಣ್ಣಿನ ಅಂತರ ಉದ್ದವಾಗುತ್ತದೆ, ಕಾಂಡ ತೆಳುವಾಗುತ್ತದೆ.

ಎನ್‌ಎಎ ಆಕ್ಸಿನ್ ಜಾತಿಯದು. ಹೂವಿನ ತೊಟ್ಟು ಕಾಂಡಕ್ಕೆ ಸೇರುವ ಕಡೆ ಕಳಚುವ ಪದರ ಒಂದಿರುತ್ತದೆ. ಹೂ, ಪೀಚಿನಿಂದ ಆಕ್ಸಿನ್ ಹರಿಯುತ್ತಿರುವ ತನಕ ಆ ಪದರ ಸಡಿಲವಾಗೋದಿಲ್ಲ. ಹರಿವು ಕಡಿಮೆಯಾಗಿ ಎಥಿಲೀನ್ (ಉದುರಿಸುವ ಹಾರ್ಮೋನ್) ಮೇಲುಗೈ ಪಡೆದರೆ ಕಳಚುತ್ತದೆ. ಹೊರಗಿನಿಂದ ಎನ್‌ಎಎ ಕೊಡೋದು ಈ ಹರಿವಿಗೆ ಒತ್ತಾಸೆ.

ಸಿಸಿಸಿ ಅಂದರೆ ಕ್ಲೋರ್ಮೆಕ್ವಾಟ್ ಕ್ಲೋರೈಡ್. ಅದು ಮತ್ತು ಮೆಪಿಕ್ವಾಟ್ ಕ್ಲೋರೈಡ್ ಎರಡೂ ಜಿಬ್ಬರೆಲಿನ್ ತಯಾರಿಯನ್ನು ಶುರುವಿನಲ್ಲೇ ತಡೆಯುತ್ತವೆ. ಗೆಣ್ಣು ಕುಗ್ಗುತ್ತದೆ, ಎಲೆ ದಪ್ಪವಾಗಿ ಕಡುಹಸಿರಾಗುತ್ತದೆ. ಪ್ಯಾಕ್ಲೋಬ್ಯುಟ್ರಜೋಲ್ ಅದೇ ದಾರಿಯಲ್ಲಿ ಸ್ವಲ್ಪ ಮುಂದೆ ತಡೆಯುತ್ತದೆ. ಮಾವಿನ ಬುಡಕ್ಕೆ ಹಾಕುವ ಆ ಔಷಧಿಯನ್ನು ಮಾತ್ರ ಸೋಯಾ ಹೊಲಕ್ಕೆ ತರಬೇಡಿ. ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿದು ಮುಂದಿನ ಬೆಳೆಯನ್ನೂ ಗಿಡ್ಡ ಮಾಡುತ್ತದೆ.

ಮೂರನೇ ಬಾಟಲಿಯ ಮೇಲೆ ಒಳಗಿರುವ ಅಂಶದ ಹೆಸರು, ಶೇಕಡಾ ಎರಡೂ ಇದ್ದರೆ ಹೇಳಿ. ಇಲ್ಲದಿದ್ದರೆ ಅದರ ಬಗ್ಗೆ ಮಾತಾಡಲು ಏನೂ ಇಲ್ಲ.

ಅಂಗಡಿ ಲೆಕ್ಕ

ಮಾರುವವನ ಕಡೆಯಿಂದ ಒಂದು ಮಾತು. ಎನ್‌ಎಎ, ಸಿಸಿಸಿ, ಜಿಬ್ಬರೆಲಿಕ್ ಆಮ್ಲ ಇವೆಲ್ಲ 1968ರ ಕೀಟನಾಶಕ ಕಾಯ್ದೆ ಅಡಿ ನೋಂದಣಿಯಾಗಿ ಬರುತ್ತವೆ. ಹಾಗಾಗಿ ಲೇಬಲ್ ಮೇಲೆ ಯಾವ ಬೆಳೆಗೆ ಎಷ್ಟು ಅಂತ ಇರಲೇಬೇಕು. ಕಡಲಕಳೆ ಸತ್ವ, ಹ್ಯೂಮಿಕ್, ಅಮೈನೋ ಆಮ್ಲದ ಟಾನಿಕ್‌ಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದರು. ಎರಡೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಲೈಸೆನ್ಸ್. ಎರಡರ ಯಾವ ಸಂಖ್ಯೆಯೂ ಇಲ್ಲದ ಬಾಟಲಿ ಕೊಳ್ಳಬೇಡಿ, ಬಿಲ್ ಇಲ್ಲದೆ ಯಾವುದನ್ನೂ ಕೊಳ್ಳಬೇಡಿ.

ಎನ್‌ಎಎ ಲೇಬಲ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಹತ್ತಿ, ಮೆಣಸಿನಕಾಯಿ, ಟೊಮೆಟೊ, ಮಾವು, ಅನಾನಸ್. ನಿಮ್ಮ ಬಾಟಲಿಯಲ್ಲಿ ಸೋಯಾ ಇಲ್ಲದಿದ್ದರೆ ಇಡೀ ಎಕರೆಗೆ ಹೊಡೆದು ಸುಟ್ಟರೆ ಕಂಪನಿಯನ್ನು ಕೇಳಲು ಬರೋದಿಲ್ಲ. ಎರಡು-ಮೂರು ಗುಂಟೆಯಲ್ಲಿ ನೋಡೋದಕ್ಕೂ ಎಕರೆಗಟ್ಟಲೆ ಹೊಡೆಯೋದಕ್ಕೂ ವ್ಯತ್ಯಾಸ ಅಲ್ಲೇ ಇದೆ.

ಈಗ ಅಳತೆ. ಪುಸ್ತಕದಲ್ಲಿ ಪಿಪಿಎಂ ಅಂತಾರೆ. ಒಂದು ಪಿಪಿಎಂ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ ಮೂಲವಸ್ತು. 4.5% ಬಾಟಲಿಯಲ್ಲಿ ಒಂದು ಮಿ.ಲೀ.ಗೆ 45 ಮಿ.ಗ್ರಾಂ. ಹಾಗಾಗಿ 20 ಪಿಪಿಎಂಗೆ ಲೀಟರಿಗೆ 0.44 ಮಿ.ಲೀ., 15 ಲೀಟರ್ ಕ್ಯಾನಿಗೆ 6.7 ಮಿ.ಲೀ., 200 ಲೀಟರಿಗೆ 89 ಮಿ.ಲೀ. 40 ಪಿಪಿಎಂ ಬೇಕಾದರೆ ಕ್ಯಾನಿಗೆ 13.3 ಮಿ.ಲೀ. ಇದನ್ನು ಬಾಟಲಿ ಮುಚ್ಚಳದಲ್ಲಿ ಅಳೆಯಬೇಡಿ, ಒಂದೊಂದು ಕಂಪನಿ ಮುಚ್ಚಳ ಒಂದೊಂದು ಅಳತೆ. ಔಷಧಿ ಅಂಗಡಿಯ 10 ಮಿ.ಲೀ. ಸಿರಿಂಜ್ ತೆಗೆದುಕೊಂಡು ಅದನ್ನು ಈ ಕೆಲಸಕ್ಕೇ ಇಟ್ಟುಬಿಡಿ.

ಸಿಸಿಸಿ 50% ಆದರೆ ಸುಲಭ. 500 ಪಿಪಿಎಂಗೆ ಲೀಟರಿಗೆ 1 ಮಿ.ಲೀ., ಕ್ಯಾನಿಗೆ 15. ಮೆಪಿಕ್ವಾಟ್ 5% ಆದರೆ 200 ಪಿಪಿಎಂಗೆ ಲೀಟರಿಗೆ 4 ಮಿ.ಲೀ., ಕ್ಯಾನಿಗೆ 60.

ಇನ್ನೊಂದು. ಜಿಬ್ಬರೆಲಿಕ್ ಆಮ್ಲ 20 ಪಿಪಿಎಂ ಹೊಡೆಯಿರಿ ಅಂತ ಎಲ್ಲೋ ಓದಿಕೊಂಡು ಬಂದು 0.001% ಬಾಟಲಿ ಕೇಳುವವರಿದ್ದಾರೆ. ಆ ಬಾಟಲಿಯೊಳಗಿನ ದ್ರವವೇ 10 ಪಿಪಿಎಂ ಕಣ್ರೀ. ನೀರು ಬೆರೆಸದೆ ಸುರಿದರೂ 20 ಆಗೋದಿಲ್ಲ.

ಕಡೂರು ಬಯಲು

ಗಿಡದ ಒಳಗೆ ಅವರೇ, ಎನ್‌ಎಎ ಬಗ್ಗೆ ಇಷ್ಟು ಹಿಂಜರಿಕೆ ಯಾಕೆ? ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ದ್ವಿದಳ ಧಾನ್ಯಕ್ಕೆ 40 ಪಿಪಿಎಂ ಎನ್‌ಎಎ ಹೂ ಬಿಡುವ ಮುಂಚೆ ಒಂದು ಸಲ, 15 ದಿನ ಬಿಟ್ಟು ಇನ್ನೊಂದು ಸಲ ಅಂತ ಶಿಫಾರಸನ್ನೇ ಮಾಡಿದ್ದಾರೆ. ಜೊತೆಗೆ 2% ಡಿಎಪಿ ಗೊಬ್ಬರದ ನೀರು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಅನ್ನುವ ಸಿಂಪಡಣೆ ಮಿಶ್ರಣದಲ್ಲೂ ಪೋಷಕಾಂಶದ ಜೊತೆ ಹಾರ್ಮೋನ್ ಇದೆ, ಲೀಟರಿಗೆ 10 ಗ್ರಾಂ ಲೆಕ್ಕ. ತೊಗರಿ ಬೆಳೆಯುವವರು ಬಳಸುತ್ತಾರೆ. ಸೋಯಾದಲ್ಲಿ ಬಿಟ್ಟ ಹೂವಲ್ಲಿ ನೂರಕ್ಕೆ 40ರಿಂದ 80 ಉದುರಿ ಹೋಗುತ್ತವೆ. ಅದರಲ್ಲಿ ಹತ್ತು ಉಳಿಸಿಕೊಂಡರೂ ಲಾಭವೇ ಅಲ್ವಾ?

ಗಿಡದ ಒಳಗೆ

ಶಿಫಾರಸು ಇದೆ, ಅಲ್ಲಗಳೆಯೋದಿಲ್ಲ. "ಹತ್ತು ಉಳಿಸಿಕೊಂಡರೂ ಲಾಭ" ಅನ್ನೋದಕ್ಕೆ ಮಾತ್ರ ನನ್ನ ತಕರಾರು. ಲೆಕ್ಕ ಹಾಕೋಣ.

ಗಿಡಕ್ಕೆ 30 ಕಾಯಿ, ಕಾಯಿಗೆ ಸರಾಸರಿ 2.2 ಕಾಳು, ನೂರು ಕಾಳಿಗೆ 11 ಗ್ರಾಂ ಅಂದುಕೊಳ್ಳಿ. ಗಿಡಕ್ಕೆ 7.26 ಗ್ರಾಂ ಆಯಿತು. ಸಿಂಪಡಣೆಯಿಂದ ಎರಡು ಕಾಯಿ ಹೆಚ್ಚಾಗಿ ನಿಂತವು ಅಂದರೆ ಗಿಡಕ್ಕೆ ಅರ್ಧ ಗ್ರಾಂಗಿಂತ ಚೂರು ಕಡಿಮೆ ಜಾಸ್ತಿ. ಎಕರೆಯಲ್ಲಿ ಒಂದು ಲಕ್ಷ ಗಿಡ ಉಳಿದಿದ್ದರೆ 48 ಕೆ.ಜಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ, ಅಂದರೆ ಸುಮಾರು 2,550 ರೂಪಾಯಿ. ಔಷಧಿ, ಕೂಲಿ ಕಳೆದರೂ ಉಳಿಯುತ್ತದೆ. ಇಲ್ಲಿಯ ತನಕ ನಿಮ್ಮ ಮಾತೇ ಸರಿ.

ಆದರೆ 32 ಕಾಯಿ ತುಂಬಿಸಲು ಎಲೆ ಅಷ್ಟೇ, ನೀರು ಅಷ್ಟೇ. ನೂರು ಕಾಳಿನ ತೂಕ 11ರಿಂದ 10.3ಕ್ಕೆ ಇಳಿದರೆ ಲಾಭ ಪೂರ್ತಿ ಹೋಯಿತು. ಕಾಯಿ ಎಣಿಸಿದವನಿಗೆ ಫಲ ಕಂಡಿರುತ್ತದೆ, ತೂಕ ಹಾಕಿದವನಿಗೆ ಕಾಣೋದಿಲ್ಲ. ಸೋಯಾ ಹೂ ಉದುರಿಸೋದು ರೋಗವಲ್ಲ. ತುಂಬಿಸಲಾರದಷ್ಟು ಹೂ ಬಿಟ್ಟು ಆಮೇಲೆ ಕೈಬಿಡುವುದೇ ಅದರ ಸ್ವಭಾವ. ಹೂವಿಂದ ಕಾಳು ತುಂಬುವ ತನಕ ತೇವ ಇದ್ದರೆ, ಎಲೆ ಆರೋಗ್ಯವಾಗಿದ್ದರೆ ಉಳಿಸಿದ ಕಾಯಿ ತುಂಬುತ್ತದೆ, ಆಗ ಎನ್‌ಎಎ ದುಡ್ಡು ವಾಪಸ್ ಕೊಡುತ್ತದೆ. ಅರಸೀಕೆರೆ, ಕಡೂರಿನ ಬಯಲಲ್ಲಿ ಆಗಸ್ಟ್‌ನ ಮಳೆ ಕೈಕೊಟ್ಟ ವರ್ಷ ಉಳಿಸಿದ ಕಾಯಿಯೆಲ್ಲ ಚಪ್ಪಟೆಯಾಗಿ ಬರುತ್ತವೆ.

ಇದು ಹಳೆಯ ಪಾಠ. 1943ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಆರ್ಥರ್ ಗ್ಯಾಲ್‌ಸ್ಟನ್ ಇಲಿನಾಯ್ ವಿಶ್ವವಿದ್ಯಾಲಯದ ತಮ್ಮ ಸಂಶೋಧನೆಯಲ್ಲಿ, ಆಕ್ಸಿನ್ ಹರಿವನ್ನು ತಡೆಯುವ ಟಿಬಾ ಅನ್ನುವ ರಾಸಾಯನಿಕ ಸೋಯಾ ಹೂವನ್ನು ಬೇಗ ತರಿಸುತ್ತದೆ ಅಂತ ತೋರಿಸಿದರು. ಪ್ರಮಾಣ ಜಾಸ್ತಿಯಾದರೆ ಅದೇ ಟಿಬಾ ಎಲೆ ಉದುರಿಸುತ್ತದೆ ಅನ್ನೋದೂ ಅಲ್ಲೇ ಇತ್ತು. ಮುಂದೆ ಅಮೆರಿಕದಲ್ಲಿ ಸೋಯಾ ಬೀಳದಿರಲಿ ಅಂತ ಅದು ಮಾರಾಟಕ್ಕೂ ಬಂತು. ಗಿಡ ಗಿಡ್ಡವಾಯಿತು, ಬೀಳೋದು ಕಡಿಮೆಯಾಯಿತು, ಇಳುವರಿ ಮಾತ್ರ ಒಂದು ವರ್ಷ ಏರಿತು, ಒಂದು ವರ್ಷ ಇಳಿಯಿತು. ಇವತ್ತು ಅದನ್ನು ಕೇಳುವವರಿಲ್ಲ.

ಹಳೇಬೀಡು ಹೊಲ

ಡಿಎಪಿ ವಿಷಯಕ್ಕೆ ಸೇರಿಸುತ್ತೇನೆ. 200 ಲೀಟರಿಗೆ 2% ಅಂದರೆ 4 ಕೆ.ಜಿ. ಡಿಎಪಿ. ಹಿಂದಿನ ಸಂಜೆ ಹತ್ತಿಪ್ಪತ್ತು ಲೀಟರ್ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಮೇಲಿನ ತಿಳಿ ಮಾತ್ರ ಬಸಿದು ಬಟ್ಟೆಯಲ್ಲಿ ಸೋಸಿ, ತಳದ ಗಷ್ಟು ಬಿಟ್ಟುಬಿಡಿ. ಅದು ನಾಜಲ್‌ಗೆ ಹೋದರೆ ಕೆಲಸ ನಿಂತೇ ಹೋಗುತ್ತದೆ. ಅರಸೀಕೆರೆ ಕಡೆಯ ಗಡಸು ನೀರಲ್ಲಿ ಡಿಎಪಿಯ ರಂಜಕ ಸುಣ್ಣದ ಅಂಶದ ಜೊತೆ ಸೇರಿ ಬಿಳಿ ಮಡ್ಡಿ ಕಟ್ಟುತ್ತದೆ. ಮಳೆನೀರು ಅಥವಾ ಕೆರೆನೀರು ಬಳಸಿ. ಇಲ್ಲವೇ ಡಿಎಪಿ ಬಿಟ್ಟು ನೀರಲ್ಲಿ ಪೂರ್ತಿ ಕರಗುವ 19:19:19 ಗೊಬ್ಬರ ಲೀಟರಿಗೆ 10 ಗ್ರಾಂ ಸಾಕು.

ಹಾರ್ಮೋನಿಗೂ ನೀರು ಮುಖ್ಯ. ಎನ್‌ಎಎ ದುರ್ಬಲ ಆಮ್ಲ. ನೀರು ಕ್ಷಾರವಾದಷ್ಟೂ ಎಲೆಯೊಳಗೆ ಇಳಿಯೋದು ಕಡಿಮೆ. ಜಿಬ್ಬರೆಲಿಕ್ ಆಮ್ಲ ಕ್ಷಾರ ನೀರಲ್ಲಿ ಕೆಡುತ್ತದೆ, ಬೆಳಗ್ಗೆ ಕಲಸಿ ಮಧ್ಯಾಹ್ನಕ್ಕೆ ಹೊಡೆಯೋದು ಬೇಡ. ನೀರಿನ ಪಿಎಚ್ 8 ದಾಟಿದ್ದರೆ ಸಿಟ್ರಿಕ್ ಆಮ್ಲ (ಅಡುಗೆಯ ನಿಂಬೆ ಉಪ್ಪು) ಚಿಟಿಕೆ ಚಿಟಿಕೆ ಹಾಕಿ ಪಿಎಚ್ ಕಾಗದದಲ್ಲಿ ನೋಡುತ್ತಾ 6ರ ಹತ್ತಿರಕ್ಕೆ ತನ್ನಿ. ಮೊದಲು ಬಕೆಟ್‌ನಲ್ಲಿ ನೋಡಿ ಎಷ್ಟು ಬೇಕು ಅಂತ ಗೊತ್ತು ಮಾಡಿಕೊಂಡು ಆಮೇಲೆ ಡ್ರಮ್ಮಿಗೆ.

ಅರಸೀಕೆರೆ ತೋಟ

ಬೇರು ನೋಡಿ ಆಯಿತು. ಬಯಲಲ್ಲಿ ಗಂಟು ಚೆನ್ನಾಗಿವೆ, ಒಳಗೆ ಗುಲಾಬಿ. ತೆಂಗಿನೊಳಗೆ ಗಂಟು ಸಣ್ಣವು, ಎಣಿಕೆಯೂ ಕಡಿಮೆ. ಬಾಟಲಿ ಮೂರರ ಮೇಲೆ "ಸಾವಯವ ಸತ್ವ" ಅಂತ ಬಿಟ್ಟರೆ ಏನೂ ಇಲ್ಲ, ಅದನ್ನು ಬಿಟ್ಟೆ. ತೆಂಗಿನೊಳಗಿನದಕ್ಕೆ ಸಿಸಿಸಿ ಹೊಡೆಯಲೋ ಬೇಡವೋ ಅದನ್ನು ಹೇಳಿ ಸರ್.

ಗಿಡದ ಒಳಗೆ

ಗಂಟು ಸಣ್ಣ ಇರೋದು ನೆರಳಿಗೇ. ಎಲೆ ಮಾಡಿದ ಸಕ್ಕರೆ ಬೇರಿಗೆ ಹೋದರೆ ತಾನೇ ಗಂಟು ಬೆಳೆಯೋದು.

ಸಿಸಿಸಿ ಎತ್ತರ ಇಳಿಸುತ್ತದೆ, ಬೆಳಕು ತರೋದಿಲ್ಲ. ಅಲ್ಲಿ ಇಳುವರಿ ಏರಿಸುತ್ತೇನೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಗಿಡ ನೆಲಕ್ಕೆ ಬಿದ್ದು ಕೆಳಗಿನ ಕಾಯಿ ಕೊಳೆಯೋದು ತಪ್ಪಬಹುದು, ಕೊಯ್ಲು ಸುಲಭವಾಗಬಹುದು, ಅಷ್ಟೇ. ಆ ಉದ್ದೇಶಕ್ಕಾದರೆ ಈಗಲೇ ಸಮಯ. ಹೂ ಶುರುವಾಗುವ ಮುಂಚೆ ಒಂದೇ ಸಲ, 500 ಪಿಪಿಎಂ. ಇವತ್ತು ಹೊಡೆದರೆ ಈಗಾಗಲೇ ಉದ್ದವಾದ ಗೆಣ್ಣು ಗಿಡ್ಡವಾಗೋದಿಲ್ಲ, ಮುಂದೆ ಬರುವ ಗೆಣ್ಣುಗಳು ಮಾತ್ರ ಹತ್ತಿರ ಬರುತ್ತವೆ. ಕಾಯಿ ಕಟ್ಟಿದ ಮೇಲೆ ಹೊಡೆಯೋದು ದುಡ್ಡು ದಂಡ.

ಬಯಲಿನ ಎಕರೆಗೆ ಸಿಸಿಸಿ, ಮೆಪಿಕ್ವಾಟ್ ಎರಡೂ ಬೇಡವೇ ಬೇಡ. ಸೋಯಾ ಹಗಲು ಕಿರಿದಾದಾಗ ಹೂ ಬಿಡುವ ಗಿಡ. ಜೂನ್ ಮೊದಲಲ್ಲಿ ಬಿತ್ತಿದ್ದು ಚೆನ್ನಾಗಿ ಎತ್ತರ ಹೋಗಿ ಆಮೇಲೆ ಹೂ ಬಿಡುತ್ತದೆ, ಜುಲೈ ಕೊನೆಗೆ ಬಿತ್ತಿದ್ದು ಗಿಡ್ಡ ಇರುವಾಗಲೇ ಬಿಟ್ಟುಬಿಡುತ್ತದೆ. ಗಿಡ್ಡಕಾರಕ ಏನಿದ್ದರೂ ಮುಂಚೆ ಬಿತ್ತಿದ, ಗೊಬ್ಬರ-ಮಳೆ ಜೋರಾಗಿ ಸೊಕ್ಕಿದ, ಸಾಲು ಮುಚ್ಚಿಕೊಂಡ ಹೊಲಕ್ಕೆ. ತಡವಾಗಿ ಬಿತ್ತಿದ ಗಿಡಕ್ಕೆ ಹೊಡೆದರೆ ಕೆಳಗಿನ ಕಾಯಿ ಮಣ್ಣಿಗೆ ತಾಗುವಷ್ಟು ಕುಳ್ಳಾಗಿ, ಕೊಯ್ಲಲ್ಲಿ ಒಂದಷ್ಟು ಕಾಯಿ ಹೊಲದಲ್ಲೇ ಉಳಿಯುತ್ತದೆ. ಮಳೆ ಹಿಂದೆ ಸರಿದು ಗಿಡ ಬಾಡುತ್ತಿರುವಾಗಲೂ ಬೇಡ. ಆಗ ಗಿಡ ತಾನೇ ಬೆಳವಣಿಗೆ ನಿಲ್ಲಿಸಿರುತ್ತದೆ.

ಕಡೂರು ಬಯಲು

ಬಯಲಿನ ಎನ್‌ಎಎಗೆ ದಿನ ಹೇಳಿಬಿಡಿ, ಎಲ್ಲರೂ "ಹೂ ಬಿಡುವಾಗ" ಅಂತ ಸುಮ್ಮನಾಗುತ್ತಾರೆ.

ಗಿಡದ ಒಳಗೆ

ದಿನ ನೋಡಬೇಡಿ, ಗಿಡ ನೋಡಿ. ಹೊಲದ ಅರ್ಧದಷ್ಟು ಗಿಡಗಳಲ್ಲಿ ಮುಖ್ಯ ಕಾಂಡದ ಯಾವುದಾದರೂ ಗೆಣ್ಣಲ್ಲಿ ಒಂದು ಹೂ ಅರಳಿದ್ದರೆ ಅದು ಆರ್1 ಹಂತ. ಜೆಎಸ್ 335ಕ್ಕೆ ನಮ್ಮಲ್ಲಿ ಸುಮಾರು 35-40 ದಿನ. ಮೊಗ್ಗು ಕಂಡು ಈ ಹಂತಕ್ಕೆ ಬರುವಾಗ ಮೊದಲ ಸಿಂಪಡಣೆ. ತುದಿಯ ನಾಲ್ಕು ಗೆಣ್ಣುಗಳಲ್ಲೊಂದರಲ್ಲಿ ಅರ್ಧ ಸೆಂಟಿಮೀಟರ್ ಉದ್ದದ ಪೀಚು ಕಂಡರೆ ಆರ್3. ಎರಡನೆಯದನ್ನು ಅದಕ್ಕೆ ಹೊಂದಿಸಿ, ಹೆಚ್ಚುಕಡಿಮೆ 15 ದಿನ ಆಗುತ್ತದೆ. ಕಾಯಿಯನ್ನು ಬೆರಳಲ್ಲಿ ಹಿಚುಕಿದರೆ ಒಳಗೆ ಕಾಳು ತಗಲುವ ಹೊತ್ತಿಗೆ, ಅಂದರೆ ಆರ್5ಕ್ಕೆ, ಎನ್‌ಎಎ ಅಂಗಡಿ ಬಾಗಿಲು ಮುಚ್ಚಿತು.

ತಡವಾದರೆ ಏನೂ ಆಗೋದಿಲ್ಲ ಅಂತಲ್ಲ. ಎಲೆ ಹಸಿರಾಗಿ ಉಳಿದು ಮಾಗೋದು ಮುಂದೆ ಹೋಗುವ ಅಪಾಯ ಇದೆ, ಸೈಟೊಕೈನಿನ್ ಇರುವ ಟಾನಿಕ್‌ಗಳಲ್ಲಿ ಇನ್ನೂ ಹೆಚ್ಚು, ಮುಪ್ಪು ತಡೆಯೋದೇ ಅದರ ಕೆಲಸ. ನಮ್ಮ ಕಡೆ ಅಕ್ಟೋಬರಿನಲ್ಲಿ ಹಿಂಗಾರು ಮಳೆ ಬರುತ್ತದೆ. ಮಾಗಿದ ಕಾಯಿ ಗಿಡದಲ್ಲೇ ನೆನೆದರೆ ಕಾಳು ಬೂಸ್ಟು ಹಿಡಿಯುತ್ತದೆ, ಬೀಜಕ್ಕಂತೂ ಬರೋದಿಲ್ಲ. ಒಂದು ವಾರದ ತಡ ಇಲ್ಲಿ ದುಬಾರಿ.

ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯೊಳಗೆ, ಇಲ್ಲ ಸಂಜೆ ನಾಲ್ಕರ ಮೇಲೆ. ಮೊದಲ ಸಲಕ್ಕೆ 20 ಪಿಪಿಎಂನಿಂದ ಶುರು ಮಾಡಿ, ಒಂದು ಪಟ್ಟಿಗೆ 40 ಹೊಡೆದು ಪಕ್ಕಪಕ್ಕ ನೋಡಿ.

ಹಳೇಬೀಡು ಹೊಲ

ಎಲ್ಲಕ್ಕಿಂತ ದೊಡ್ಡ ಅಪಾಯ ಯಾರೂ ಹೇಳಲಿಲ್ಲ. ಹಿಂದಿನ ಬೆಳೆ ರಾಗಿ ಅಂದಿರಿ. ರಾಗಿ ಕಳೆಗೆ 2,4-ಡಿ ಹೊಡೆದ ಅದೇ ಕ್ಯಾನು ತಾನೇ? 2,4-ಡಿ ಕೂಡ ಆಕ್ಸಿನ್ ಜಾತಿಯದ್ದೇ. ಸೋಯಾಕ್ಕೆ ಅದರ ಚೂರು ಪಸೆ ತಗಲಿದರೂ ಒಂದೆರಡು ದಿನದಲ್ಲಿ ಕಾಂಡ ಬಾಗಿ ಎಲೆತೊಟ್ಟು ತಿರುಚುತ್ತದೆ. ಹೊಸ ಎಲೆ ಪಟ್ಟಿಯಂತೆ ಕಿರಿದಾಗಿ ನರಗಳು ಒಂದರ ಪಕ್ಕ ಒಂದು ನೆಟ್ಟಗೆ ಓಡಿರುತ್ತವೆ. ಆಮೇಲೆ ಎನ್‌ಎಎ ಸುಟ್ಟಿತು ಅಂತ ಅಂಗಡಿಯವನ ಜೊತೆ ಜಗಳ.

ಕಳೆನಾಶಕಕ್ಕೆ ಬೇರೆ ಕ್ಯಾನೇ ಇಡೋದು ಒಳ್ಳೇದು. ಇಲ್ಲದಿದ್ದರೆ ತೊಳೆಯುವ ಕ್ರಮ ಹೀಗೆ. ಖಾಲಿ ಮಾಡಿ ಚೊಕ್ಕ ನೀರು ತುಂಬಿ ಲ್ಯಾನ್ಸ್ (ಸಿಂಪಡಿಸುವ ಕೋಲು) ಮೂಲಕವೇ ಹೊರಗೆ ಹೊಡೆಯಿರಿ, ಮೇಲಿಂದ ಚೆಲ್ಲಿದರೆ ಪೈಪಿನೊಳಗಿದ್ದದ್ದು ಅಲ್ಲೇ ಉಳಿಯುತ್ತದೆ. ಆಮೇಲೆ ಲೀಟರಿಗೆ 10 ಮಿ.ಲೀ. ಅಮೋನಿಯಾ ದ್ರವ ಅಥವಾ ಒಂದು ಚಮಚ ವಾಷಿಂಗ್ ಸೋಡ ಬೆರೆಸಿದ ನೀರು ಕತ್ತಿನ ತನಕ ತುಂಬಿ, ಸ್ವಲ್ಪ ಹೊಡೆದು ಪೈಪಿಗೂ ಹೋಗುವಂತೆ ಮಾಡಿ ರಾತ್ರಿಯಿಡೀ ಬಿಡಿ. ನಾಜಲ್, ಜಾಲರಿ ಬಿಚ್ಚಿ ಅದೇ ನೀರಲ್ಲಿ ನೆನೆಹಾಕಿ. ಬೆಳಗ್ಗೆ ಎರಡು ಸಲ ಚೊಕ್ಕ ನೀರು. ಎಸ್ಟರ್ ರೂಪದ 2,4-ಡಿ ರಬ್ಬರ್ ಪೈಪಿಗೆ ಹಿಡಿದುಕೊಳ್ಳುತ್ತದೆ, ಹಳೆ ಪೈಪಾದರೆ ಬದಲಾಯಿಸಿ. ತೊಳೆದ ನೀರು ಕೆರೆಕಡೆಗೂ ತರಕಾರಿ ಮಡಿಗೂ ಹೋಗಬಾರದು.

ಅಂಗಡಿ ಲೆಕ್ಕ

ಸರಿ ಹೇಳಿದಿರಿ. ಗುರುತು ಹಿಡಿಯೋದಕ್ಕೆ ಉಳಿದವನ್ನೂ ಹೇಳಿಬಿಡುತ್ತೇನೆ. ಎನ್‌ಎಎ ಜಾಸ್ತಿಯಾದರೆ ಎಲೆ ಕೆಳಮುಖವಾಗಿ ಮಡಚಿ ಸುಳಿ ನಿಲ್ಲುತ್ತದೆ, ಕಡಿಮೆ ಪೆಟ್ಟಾದರೆ ಚೇತರಿಸಿಕೊಳ್ಳುತ್ತದೆ. ಸಿಸಿಸಿ ಜಾಸ್ತಿಯಾದರೆ ಎಲೆ ಅಂಚು ಹಳದಿಯಾಗಿ ಸುಟ್ಟಂತಾಗಬಹುದು, ಗಿಡ ಗುಜ್ಜಾಗಿ ಕಡುಹಸಿರು. ಜಿಬ್ಬರೆಲಿನ್ ಜಾಸ್ತಿಯಾದರೆ ಪೇಲವ ಬಣ್ಣ, ಸೊಣಕಲು ಕಾಂಡ. ಇವೆಲ್ಲ ಹೊಡೆದ ಸಾಲಿನುದ್ದಕ್ಕೂ ಒಂದೇ ಥರ ಕಾಣುತ್ತವೆ. ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಹಳದಿ-ಹಸಿರು ಮಚ್ಚೆ ಮಚ್ಚೆಯಾಗಿದ್ದರೆ ಅದು ಬಿಳಿನೊಣ ತಂದ ಹಳದಿ ನಂಜು. ಹಾರ್ಮೋನಿಗೂ ಅದಕ್ಕೂ ಸಂಬಂಧವಿಲ್ಲ.

ಬೀಜಕ್ಕೆ ಜಿಬ್ಬರೆಲಿನ್ ನೀರಲ್ಲಿ ನೆನೆಸಿ ಬಿತ್ತುವ ಸಲಹೆಯೂ ಓಡಾಡುತ್ತಿದೆ. ಸೋಯಾ ಬೀಜದ ಸಿಪ್ಪೆ ತೆಳು, ನೆನೆಸಿದರೆ ನೀರು ಸರ್ರನೆ ಹೀರಿ ಒಳಗಿನ ಬೇಳೆ ಒಡೆಯುತ್ತದೆ. ಮೊಳಕೆಯೇ ಕಡಿಮೆಯಾಗುತ್ತದೆ.

ತರೀಕೆರೆ ಡ್ರೋನ್

ಎಕರೆಗೆ 10 ಲೀಟರಿನಲ್ಲಿ ಹೊಡೆಯುತ್ತೇವೆ. ಎನ್‌ಎಎ 20 ಪಿಪಿಎಂ ಅಂದರೆ ನಮ್ಮ ಟ್ಯಾಂಕಿಗೆ 4.4 ಮಿ.ಲೀ. ಹಾಕಿದರೆ ಸಾಕಾ?

ಅಂಗಡಿ ಲೆಕ್ಕ

ಇಲ್ಲೇ ಎಡವೋದು. 200 ಲೀಟರಲ್ಲಿ 20 ಪಿಪಿಎಂ ಅಂದರೆ ಎಕರೆಗೆ 4 ಗ್ರಾಂ ಮೂಲವಸ್ತು ಬೀಳುತ್ತದೆ. 10 ಲೀಟರಲ್ಲಿ 20 ಪಿಪಿಎಂ ಅಂದರೆ ಬರೀ 0.2 ಗ್ರಾಂ, ಇಪ್ಪತ್ತರಲ್ಲಿ ಒಂದು ಪಾಲು. ಏನೂ ಆಗೋದಿಲ್ಲ. ಸರಿ ಅಂತ 4 ಗ್ರಾಂ ಪೂರ್ತಿ ಹಾಕಿದರೆ ಟ್ಯಾಂಕಿನಲ್ಲಿ 400 ಪಿಪಿಎಂ ಆಗುತ್ತದೆ. ಆ ಹನಿ ಬಿದ್ದ ಜಾಗದಲ್ಲಿ ಎಲೆ ತಿರುಚಬಹುದು.

ಗಿಡದ ಒಳಗೆ

ನನ್ನ ಮಾತು: ಹಾರ್ಮೋನಿಗೆ ಡ್ರೋನ್ ಬೇಡ. ಕೀಟನಾಶಕ ಎರಡರಷ್ಟು ಗಾಢವಾದರೂ ಗಿಡ ತಡೆದುಕೊಳ್ಳಬಹುದು. ಆಕ್ಸಿನ್ ಕಡಿಮೆ ಗಾಢತೆಯಲ್ಲಿ ಹಿಡಿದಿಡುತ್ತದೆ, ಜಾಸ್ತಿಯಾದರೆ ಗಿಡದಲ್ಲೇ ಎಥಿಲೀನ್ ಹುಟ್ಟಿಸಿ ಉದುರಿಸುತ್ತದೆ. ಜೊತೆಗೆ ಸಣ್ಣ ಹನಿ ಗಾಳಿಯಲ್ಲಿ ತೇಲಿ ಪಕ್ಕದವರ ಟೊಮೆಟೊ ಮೇಲೆ ಬಿದ್ದರೆ ಎಲೆ ಜೋತುಬಿದ್ದು ಪಂಚಾಯಿತಿ ಮಾಡಬೇಕಾಗುತ್ತದೆ.

ಅರಸೀಕೆರೆ ತೋಟ

ಹಾಗಾದರೆ ಬಯಲಲ್ಲಿ ಪಟ್ಟಿ ಮಾಡಿ ನೋಡುತ್ತೇನೆ. ಎಷ್ಟು ಅಗಲ, ಹೇಗೆ ತೂಗೋದು?

ಕಡೂರು ಬಯಲು

ಗುಂಟೆ ಲೆಕ್ಕ ಹಿಡಿಯಿರಿ ಅಣ್ಣ, 33 ಅಡಿಗೆ 33 ಅಡಿ. ಎಕರೆಗೆ 200 ಲೀಟರ್ ಅಂದರೆ ಗುಂಟೆಗೆ 5 ಲೀಟರ್, ಒಂದು 15 ಲೀಟರ್ ಕ್ಯಾನು ಸರಿಯಾಗಿ ಮೂರು ಗುಂಟೆ. ಹೊಲದ ಮೂರು ಕಡೆ ಈ ಜೋಡಿ ಮಾಡಿ: ಒಂದು ಗುಂಟೆ ಎನ್‌ಎಎ, ಪಕ್ಕದ ಒಂದು ಗುಂಟೆಗೆ ಬರೀ ನೀರು. ಬರೀ ನೀರು ಯಾಕೆ ಅಂದರೆ ಒಣಗಿದ ವಾರದಲ್ಲಿ ನೀರು ಬಿದ್ದದ್ದಕ್ಕೇ ಗಿಡ ಚೂರು ಗೆಲುವಾಗಿ ಕಾಣುತ್ತದೆ, ಓಡಾಡಿದ್ದರಿಂದ ಗಿಡ ತುಳಿದ ನಷ್ಟವೂ ಎರಡು ಕಡೆ ಸಮ ಆಗುತ್ತದೆ. ಡಿಎಪಿ ಹೊಡೆಯೋದಾದರೆ ಎರಡಕ್ಕೂ ಹೊಡೆಯಿರಿ, ಇಲ್ಲದಿದ್ದರೆ ಯಾವುದರ ಫಲ ಅಂತ ಗೊತ್ತಾಗೋದಿಲ್ಲ.

ಮೂಲೆಗೆ ಬಣ್ಣದ ಬಟ್ಟೆ ಕಟ್ಟಿದ ಗೂಟ ನೆಡಿ. ಕೊಯ್ಲಿನಲ್ಲಿ ಅಂಚಿನ ಎರಡೆರಡು ಸಾಲು ಬಿಟ್ಟು, ಎರಡೂ ಕಡೆ ಒಂದೇ ಅಳತೆಯ ನಡುಭಾಗ ಕೊಯ್ದು, ಬೇರೆ ಬೇರೆ ಟಾರ್ಪಾಲಿನಲ್ಲಿ ಬಡಿದು, ಒಂದೇ ಹೊತ್ತು ಒಣಗಿಸಿ ತೂಗಿ. ತಡವಾಗಿ ಮಾಗಿದ್ದರಲ್ಲಿ ತೇವ ಹೆಚ್ಚಿದ್ದು ತೂಕ ಸುಳ್ಳು ಹೇಳುತ್ತದೆ. ಆಮೇಲೆ ನೂರು ಕಾಳು ಎಣಿಸಿ ಚಿನ್ನದಂಗಡಿ ತಕ್ಕಡಿಯಲ್ಲೋ ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲೋ ಹಾಕಿ. ಮೂರು ಜೋಡಿಯಲ್ಲೂ ಎನ್‌ಎಎ ಗುಂಟೆಯೇ ಮುಂದಿದ್ದರೆ ನಂಬಿ. ಎರಡರಲ್ಲಿ ಮುಂದೆ, ಒಂದರಲ್ಲಿ ಹಿಂದೆ ಅಂದರೆ ಮಣ್ಣಿನ ಏರುಪೇರು ಅಂದುಕೊಂಡು ಮುಂದಿನ ವರ್ಷವೂ ನೋಡಿ.

ಹಳೇಬೀಡು ಹೊಲ

ತುಕ್ಕು ರೋಗಕ್ಕೆ ಹೆಕ್ಸಾಕೊನಜೋಲ್ ಹೊಡೆಯುವ ಸಮಯವೂ ಹತ್ತಿರ ಬರುತ್ತದೆ. ತೆಂಗಿನೊಳಗೆ ಸಿಸಿಸಿ ಜೊತೆ ಒಂದೇ ಕ್ಯಾನಲ್ಲಿ ಬೆರೆಸಬಹುದಾ?

ಗಿಡದ ಒಳಗೆ

ಬೆರೆಸಬೇಡಿ. ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಟ್ರೈಯಜೋಲ್ ಗುಂಪಿನ ಶಿಲೀಂಧ್ರನಾಶಕಗಳು, ಪ್ಯಾಕ್ಲೋಬ್ಯುಟ್ರಜೋಲ್‌ನ ದಾಯಾದಿಗಳು. ಅವಕ್ಕೂ ಜಿಬ್ಬರೆಲಿನ್ ತಡೆಯುವ ಗುಣ ಸ್ವಲ್ಪ ಇದೆ. ಸಿಸಿಸಿ ಜೊತೆ ಸೇರಿದರೆ ಕುಗ್ಗಿಸುವುದು ಇಮ್ಮಡಿ. ಸಿಸಿಸಿ ಈಗ ಹೊಡೆದು, ಎಲೆ ಕೆಳಗೆ ತುಕ್ಕಿನ ಪುಡಿ ಕಂಡಾಗ ಶಿಲೀಂಧ್ರನಾಶಕ ಬೇರೆಯಾಗಿ. ನೆರಳಲ್ಲಿ ಎಲೆ ಬೇಗ ಆರೋದಿಲ್ಲ, ಹಾಗಾಗಿ ತುಕ್ಕು ಮೊದಲು ಕಾಣೋದು ತೆಂಗಿನೊಳಗೇ. ಕೆಳಗಿನ ಎಲೆ ತಿರುಗಿಸಿ ವಾರಕ್ಕೊಮ್ಮೆ ನೋಡಿ. ಮುಂದಿನ ವರ್ಷ ತೆಂಗಿನೊಳಗೆ ಸೋಯಾವನ್ನೇ ಹಾಕೋದಾದರೆ ಒಂದು ಅಡಿ ಸಾಲನ್ನು ಒಂದೂವರೆ ಅಡಿ ಮಾಡಿ, ಧಾರವಾಡದ ಡಿಎಸ್‌ಬಿ 21ರಂಥ ತುಕ್ಕು ತಡೆಯುವ ತಳಿ ಬಿತ್ತಿ.

ಅರಸೀಕೆರೆ ತೋಟ

ಸರಿ. ಸಿಸಿಸಿ ಹೊಡೆದ ಮೇಲೆ ಮಳೆ ಬಂದರೆ?

ಅಂಗಡಿ ಲೆಕ್ಕ

ಆರು ಗಂಟೆ ಕಳೆದಿದ್ದರೆ ಯೋಚನೆ ಇಲ್ಲ. ಒಂದೆರಡು ಗಂಟೆಯಲ್ಲೇ ಬಂದರೂ ಪೂರ್ತಿ ಪ್ರಮಾಣ ಮತ್ತೆ ಹೊಡೆಯಬೇಡಿ, ಎಷ್ಟು ಒಳಗೆ ಇಳಿದಿದೆ ಅಂತ ಹೊರಗಿಂದ ಗೊತ್ತಾಗೋದಿಲ್ಲ. ಏಳೆಂಟು ದಿನ ಬಿಟ್ಟು ತುದಿಯ ಹೊಸ ಗೆಣ್ಣನ್ನು ಅದರ ಕೆಳಗಿನ ಗೆಣ್ಣಿನ ಜೊತೆ ಅಳೆದು ನೋಡಿ. ಚಿಕ್ಕದಾಗಿದ್ದರೆ ಕೆಲಸ ಮಾಡಿದೆ. ಉದ್ದ ಹಾಗೇ ಇದ್ದು ಹೂ ಇನ್ನೂ ಬಂದಿರದಿದ್ದರೆ ಅರ್ಧ ಪ್ರಮಾಣ, ಹೂ ಬಂದುಬಿಟ್ಟಿದ್ದರೆ ಬಾಟಲಿ ಮುಚ್ಚಿಟ್ಟುಬಿಡಿ.